ಬಿಸಿಲಿನ ಬಣ್ಣದ ಟಾರ್ಚು

ಸೂರ್ಯ ಹುಟ್ಟುವುದು ನಿಂತು ಒಂಬತ್ತು ವರ್ಷವಾಗಿತ್ತು. ಮುಂದೆ ತಯಾರಿಸುವ ಕಿರುಟಾರ್ಚು ಹೇಗಿರಬೇಕೆಂದು ಟಾರ್ಚು ಕಂಪನಿಯ ಈರಣ್ಣ ಕೇಳಿಕೊಂಡು ಬಂದಾಗ ಗದಗಿನ ಓಣಿಯವರೆಲ್ಲ ಹೆಚ್ಚು ಬಾಳುವ ಬ್ಯಾಟರಿ ಬೇಕೆಂದಿದ್ದರು. ಬಟ್ಟೆ ಹೊಲಿಯುವ ಗುರವ್ವ ಮಾತ್ರ, "ಈಗಿನ ಟಾರ್ಚಿನ ಬೆಳಕಿನ್ಯಾಗ ಎಲ್ಲಾ ಬೂದಿಬಣ್ಣ ಕಾಣಸ್ತೈತ್ರೀ. ನನ್ನ ಮಗಳ ಮೈಬಣ್ಣ ಯಾವುದಂತ ನನಗ ಇನ್ನೂ ಗೊತ್ತಿಲ್ಲ. ಬಿಸಿಲಿನ ಬಣ್ಣ ಕೊಡ್ರೀ," ಎಂದಿದ್ದಳು.

ಇಂದು ಈರಣ್ಣ ಹೊಸ ಮಾದರಿ ಹಿಡಿದು ಬಂದಿದ್ದ. ಗುರವ್ವ ಎಂಟು ವರ್ಷದ ಮಗಳನ್ನು ಎದುರಿಗೆ ಕೂರಿಸಿಕೊಂಡು ಗುಂಡಿ ಒತ್ತಿದಳು. ಹುಡುಗಿಯ ಕೆನ್ನೆಯ ಮೇಲೆ ಎಳೆಬಿಸಿಲಿನಂಥ ಬೆಳಕು ಬಿತ್ತು. ಗುರವ್ವ ಅವಳ ಗಲ್ಲ ಹಿಡಿದು ಮುಖವನ್ನು ಆಚೀಚೆ ತಿರುಗಿಸಿ ನೋಡಿದಳು.

"ಹೆಂಗೈತ್ರೀ ಅಕ್ಕಾರ?" ಎಂದ ಈರಣ್ಣ.

"ಥೇಟ್ ಅವರಪ್ಪನ ಬಣ್ಣ. ಇಕಿ ಹುಟ್ಟೂಕಿಂತ ಮೊದಲ ತೀರಿಕೊಂಡ್ರು."

"ಅಪ್ಪ ಹೆಂಗಿದ್ದ, ಯವ್ವಾ?" ಮಗಳು ಕೇಳಿದಳು.

ಗುರವ್ವ ಎದ್ದು, ಗೋಡೆಯ ಕನ್ನಡಿಯನ್ನು ತೆಗೆದು ಅವಳ ಕೈಗಿತ್ತಳು.