ದಿನಕ್ಕೆ ಎರಡು ಸಾವಿರ ಹೆಜ್ಜೆ

ಮಾರ್ಚ್ 11, ಮಂಗಳವಾರ, ಸಂಜೆ 4 ಗಂಟೆ 10 ನಿಮಿಷ. ಮೂರನೆಯ ಮಹಡಿಯ ಹೊಲಿಗೆ ಯಂತ್ರ ರಿಪೇರಿ ಅಂಗಡಿಯ ಬಾಗಿಲನ್ನು ಯಾರೋ ತಟ್ಟಿದರು. ಗಿರಾಕಿಗಳು ತಟ್ಟುವುದಿಲ್ಲ, ನುಗ್ಗುತ್ತಾರೆ. ಮೆಕ್ಯಾನಿಕ್ ತನ್ನ ಕೈಯಲ್ಲಿದ್ದ ಕೃತಕ ಕಾಲಿನ ಬ್ಯಾಟರಿ ಕಿತ್ತು ಎಣ್ಣೆ ಡಬ್ಬಿಯ ಹಿಂದೆ ತಳ್ಳಿದಳು. ಕಾಲನ್ನು ಹೊಲಿಗೆ ಯಂತ್ರದ ಮುಚ್ಚಳದೊಳಗೆ ತುರುಕಿದಳು.

"ಬಾಗ್ಲು ತೆಗಿಯಮ್ಮ," ಎಂದರು ಮೂಲೆಯ ಕುರ್ಚಿಯಲ್ಲಿದ್ದ ಮಾವ. "ತಟ್ಟಿ ಕಾಯ್ತಿದಾರೆ ಅಂದ್ರೆ ಸರ್ಕಾರದೋರೇ."

ಸರ್ಕಾರದವನೇ. ಕತ್ತಿನಿಂದ ಹೊಟ್ಟೆಯ ಮಟ್ಟಕ್ಕೆ ಪಟ್ಟಿಯಲ್ಲಿ ತೂಗುವ ಕಪ್ಪು ಯಂತ್ರ, ಎದೆಯ ಮೇಲೆ ಗುರುತಿನ ಚೀಟಿ. ಊರೆಲ್ಲ 'ಬೀಗದ ಸಾಹೇಬ' ಎಂದು ಹೆದರುವ ಇನ್‌ಸ್ಪೆಕ್ಟರನ್ನು ಅವಳು ನೋಡುತ್ತಿದ್ದುದು ಇದೇ ಮೊದಲು.

ಅವಳು ಬಚ್ಚಿಟ್ಟ ಬಗೆಯ ಕೃತಕ ಮೊಣಕಾಲು ಮಾಡುವುದು ಒಂದೇ ಕಂಪನಿ. ಒಳಗೆ ಪುಟ್ಟ ಕಂಪ್ಯೂಟರು. ಸಾಧಾರಣ ಚಂದಾಕ್ಕೆ ದಿನಕ್ಕೆ ಎರಡು ಸಾವಿರ ಹೆಜ್ಜೆ. ಮುಗಿದರೆ ಮರುದಿನದವರೆಗೆ ಮೊಣಕಾಲು ಕೋಲಿನಂತೆ ಸೆಟೆಯುತ್ತದೆ, ನೀವು ನಡುರಸ್ತೆಯಲ್ಲಿದ್ದರೂ ಸರಿ. ಒಳಗಿನ ತಂತ್ರಾಂಶ ಕಂಪನಿಯ ಕೃತಿ, ಅದರ ಬೀಗ ಬಿಚ್ಚುವುದು ಕೃತಿಚೌರ್ಯ ಎಂದು ಸರ್ಕಾರ ಕಾನೂನು ಮಾಡಿತ್ತು. ಕವಿತೆಗಿರುವ ರಕ್ಷಣೆಯೇ ಮೊಣಕಾಲಿಗೂ.

ಮೆಕ್ಯಾನಿಕ್ ಇದುವರೆಗೆ ನಲವತ್ತೇಳು ಮೊಣಕಾಲುಗಳ ಬೀಗ ಬಿಚ್ಚಿದ್ದಳು. ಯಾರವೆಂದು ಅವಳಿಗೂ ಗೊತ್ತಿಲ್ಲ. ಕೆಳಗಿನ ಮಹಡಿಯ ದರ್ಜಿ ಚೀಲದಲ್ಲಿ ತರುತ್ತಾನೆ, ಚೀಲದಲ್ಲೇ ಒಯ್ಯುತ್ತಾನೆ. ಕೆಲಸ ಮುಗಿದ ಮೇಲೆ ಸ್ಕ್ರೂ ತಲೆಯ ಮೇಲೆ ಹಸಿರು ಉಗುರುಬಣ್ಣದ ಒಂದು ಚುಕ್ಕೆ ಇಡುವುದು ಅವಳ ಪದ್ಧತಿ. ಬೇರೆಯವರು ಕೈಹಾಕಿದರೆ ಗೊತ್ತಾಗಬೇಕಲ್ಲ. ಆ ಮೊಣಕಾಲುಗಳ ಸಂಖ್ಯೆಗಳನ್ನು ಬರೆದಿಟ್ಟ ಪುಸ್ತಕ ಮೇಜಿನ ಖಾನೆಯಲ್ಲಿತ್ತು. ಅದು ಸಿಕ್ಕರೆ ಅಂಗಡಿಗೆ ಮೊಹರು, ಅವಳಿಗೆ ಜೈಲು. ಕಂಪನಿ ಒಂದು ಗುಂಡಿ ಒತ್ತಿದರೆ ನಲವತ್ತೇಳು ಜನ ಇದ್ದಲ್ಲೇ ಕಂಬ.

"ಲಿಫ್ಟ್ ಕೆಟ್ಟಿದೆ ಸಾಹೇಬ್ರೇ," ಎಂದರು ಮಾವ. "ಐವತ್ತನಾಲ್ಕು ಮೆಟ್ಲು. ನಮ್ಮಂಥೋರಿಗೆ ಇದು ಅಂಗಡಿಯಲ್ಲ, ಬೆಟ್ಟ."

"ಐವತ್ತನಾಲ್ಕಾ? ಹೋದ ವಾರದವರೆಗೂ ನಾನೂ ಎಣಿಸ್ತಿದ್ದೆ ಯಜಮಾನ್ರೇ. ಈಗ ಬಿಟ್ಬಿಟ್ಟೆ. ಎಣಿಸದೆ ಹತ್ತೋದ್ರಲ್ಲೇ ಒಂದು ಸುಖ."

ಆತ ಬಾಗಿಲಲ್ಲೇ ನಿಂತು ಕೊರಳಿನ ಯಂತ್ರದ ಗುಂಡಿ ಒತ್ತಿದ. ಬೀಗ ಬಿಚ್ಚಿದ ಮೊಣಕಾಲು ಮೂರು ಮೀಟರಿನೊಳಗಿದ್ದರೆ ಅದು ಕೂಗುತ್ತದೆ. ಕೂಗಿತು.

ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಬ್ಯಾಟರಿ ಇಲ್ಲದ ಮೊಣಕಾಲಿಗೆ ಜೀವವಿಲ್ಲ, ಅದು ಕೂಗಿಸುವ ಹಾಗಿಲ್ಲ. ಹಾಗಾದರೆ ಯಾವುದು? ಆತ ಬೀರುವಿನ ಬಳಿಗೆ ಹೋಗಿ ಒತ್ತಿದ. ಕೂಗಿತು. ಕಿಟಕಿಯ ಬಳಿ ಒತ್ತಿದ. ಅಲ್ಲೂ ಕೂಗಿತು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಅವಳ ಕಣ್ಣು ತಾನಾಗಿಯೇ ಹೊಲಿಗೆ ಯಂತ್ರದ ಕಡೆ ಹೋಯಿತು. ಆತ ಅದನ್ನು ನೋಡಿದ. ನೋಡಿ, ಮಾವನ ಕಡೆ ತಿರುಗಿದ.

"ಯಜಮಾನ್ರೇ, ನಿಮ್ಮ ಕಾಲು?"

ಮಾವ ಖುಷಿಯಿಂದಲೇ ಪ್ಯಾಂಟು ಎತ್ತಿ ಬಲಗಾಲನ್ನು ಬೆರಳಿನಿಂದ ತಟ್ಟಿದರು. ಟಕ್, ಟಕ್. "ಅಪ್ಪಟ ಮರ. ನಲವತ್ತು ವರ್ಷ ಆಯ್ತು. ಕಾಲಿಗೆ ಬುದ್ಧಿ ಹೇಳೋದು ನಮ್ಮ ಕೆಲಸ ಆಗಿತ್ತು ಸಾಹೇಬ್ರೇ. ಈಗ ಅದನ್ನೂ ಕಂಪನಿನೇ ಹೇಳುತ್ತಂತೆ!"

ಸಾಹೇಬ ಜೋರಾಗಿ ನಕ್ಕ. ಇಲಿ ಸಿಕ್ಕ ಬೆಕ್ಕಿನ ನಗೆ ಎಂದುಕೊಂಡಳು ಅವಳು. ಕೈಗೊಂದು ಕೆಲಸವಿರಲೆಂದು ಫ್ಲಾಸ್ಕಿನಿಂದ ಟೀ ಬಗ್ಗಿಸಿ ಇಬ್ಬರಿಗೂ ಕೊಡಹೋದಳು. ಅವಸರದಲ್ಲಿ ಕಪ್ ವಾಲಿ, ಅರ್ಧ ಟೀ ಸಾಹೇಬನ ಎಡ ಮೊಣಕಾಲಿನ ಕೆಳಗೆ ಚೆಲ್ಲಿತು.

"ಅಯ್ಯಯ್ಯೋ, ಸುಟ್ಟಿತಾ ಸಾರ್?"

ಅವಳು ಕೇಳಿದ ಮೇಲಷ್ಟೇ ಆತ ಬಗ್ಗಿ ನೋಡಿದ. "ಏನಿಲ್ಲ ಬಿಡಿಯಮ್ಮ, ಆರಿತ್ತು."

ಮೂಲೆಯಲ್ಲಿ ಮಾವ ಒಂದು ಗುಟುಕು ಕುಡಿದು, ನಾಲಿಗೆ ಸುಟ್ಟುಕೊಂಡು ಫ್ಲಾಸ್ಕಿಗೆ ಬೈಯುತ್ತಿದ್ದರು.

ಸಾಹೇಬ ಉಳಿದ ಟೀ ಮುಗಿಸಿದ. ಕಪ್ಪನ್ನು ಇಡಲು ಬೇರೆ ಜಾಗವೇ ಇಲ್ಲವೆಂಬಂತೆ, ಸರಿಯಾಗಿ ಆ ಹೊಲಿಗೆ ಯಂತ್ರದ ಮುಚ್ಚಳದ ಮೇಲಿಟ್ಟ. ನಂತರ ಸ್ಕ್ರೂಡ್ರೈವರುಗಳ ನಡುವಿನಿಂದ ಉಗುರುಬಣ್ಣದ ಬಾಟಲಿ ಎತ್ತಿ ಬೆಳಕಿಗೆ ಹಿಡಿದ. ಅವಳ ಉಗುರುಗಳಲ್ಲಿ ಇದ್ದದ್ದು ಬರೀ ಗ್ರೀಸು.

"ಒಳ್ಳೇ ಹಸಿರು. ಎಲ್ಲೋ ನೋಡಿದ ಹಾಗಿದೆಯಲ್ಲಮ್ಮ?"

"ಎಲ್ಲಾ ಅಂಗಡೀಲೂ ಸಿಗುತ್ತೆ ಸಾರ್."

"ಸಿಗುತ್ತೆ. ಆದ್ರೆ ಎಲ್ಲಾರೂ ಇಷ್ಟು ಅಚ್ಚುಕಟ್ಟಾಗಿ ಹಚ್ಚಲ್ಲ."

ಇಷ್ಟು ಹೇಳಿದ ಮೇಲೆ ಇನ್ನೇನು ಉಳಿದಿತ್ತು? ಅವಳು ಖಾನೆಗೆ ಬೆನ್ನು ಕೊಟ್ಟು ನಿಂತಳು. ಆತನ ಯಂತ್ರ ಕಿರ್ರೆಂದು ಒಂದು ಚೀಟಿ ಉಗುಳಿತು. ಆತ ಹರಿದು, ಮಡಚಿ, ಅವಳ ಕೈಗಿಟ್ಟ.

"ಈ ಯಂತ್ರಕ್ಕೆ ರೋಗ ಬಂದಿದೆ. ಬೆಳಗ್ಗೆಯಿಂದ ಹೋದ ಹೋದಲ್ಲೆಲ್ಲ ಇದೇ ಗೋಳು, ದರ್ಜಿ ಮನೆ, ಬೇಕರಿ, ಆಸ್ಪತ್ರೆ. ವರದೀಲಿ 'ಯಂತ್ರದೋಷ, ಇಲ್ಲೇನೂ ಸಿಗಲಿಲ್ಲ' ಅಂತ ಬರೀತೀನಿ. ಈ ಚೀಟಿ ಕಚೇರಿಗೆ ಬೇಡ, ನೀವೇ ಇಟ್ಕೊಳ್ಳಿ."

ಬಾಗಿಲು ಮುಚ್ಚಿತು. ಹೊರಗೆ ಆತ ಸಿಳ್ಳೆ ಹಾಕುತ್ತ, ಎರಡೆರಡು ಮೆಟ್ಟಿಲು ಹಾರುತ್ತ ಇಳಿದುಹೋದ ಸದ್ದು ಕೇಳಿತು.

ಅವಳು ಚೀಟಿ ಬಿಡಿಸಿದಳು. ಪತ್ತೆಯಾದ ಮೊಣಕಾಲು: ಒಂದು. ಸಂಖ್ಯೆ 30718. ದಿನದ ಮಿತಿ 2,000 ಹೆಜ್ಜೆ. ಇಂದು ನಡೆದದ್ದು 11,462.

ಪುಸ್ತಕ ತೆಗೆದಳು. ಕೊನೆಯ ಸಾಲು, ನಲವತ್ತೇಳನೆಯದು: 30718. ಅದು ಹೋದ ವಾರವೇ ದರ್ಜಿಯ ಚೀಲದಲ್ಲಿ ಹೊರಟುಹೋಗಿತ್ತು. ಇವತ್ತು ಈ ಕೋಣೆಗೆ ಹೇಗೆ ಬಂತು?

ಚೀಟಿಯ ಕೆಳಗಡೆ, ಯಂತ್ರಕ್ಕೂ ಆ ಮೊಣಕಾಲಿಗೂ ಇದ್ದ ದೂರ. ಬಾಗಿಲ ಬಳಿ 62 ಸೆಂಟಿಮೀಟರ್. ಬೀರುವಿನ ಬಳಿ 62 ಸೆಂಟಿಮೀಟರ್. ಕಿಟಕಿಯ ಬಳಿಯೂ 62 ಸೆಂಟಿಮೀಟರ್.