ಮೂರನೇ ತೂತು

ಮಿಕ್ಸಿ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ ಎಂದು ಹೊಸ ಸೊಸೆ ಚಂಪಾ ಕಣ್ಣೀರು ಹಾಕಿದ ಮೇಲೆ, ಗಂಡ ಪೇಟೆಯಿಂದ ಎಕ್ಸ್‌ಟೆನ್ಷನ್ ಬಾಕ್ಸ್ ತಂದ. ಹಳೇ ಮನೆಯ ಗೋಡೆಯಲ್ಲಿದ್ದದ್ದು ಎರಡೇ ತೂತಿನ ಪ್ಲಗ್ಗು. ಬಾಕ್ಸಿನ ವೈರಿಗೆ ಎರಡು ಪಿನ್ನಿನ ತಲೆ ಕಟ್ಟಿ ಅದಕ್ಕೆ ಸಿಕ್ಕಿಸಿದ.

"ರೀ, ಗೋಡೇಲೇ ಅರ್ತಿಂಗ್ ಇಲ್ವಲ್ಲ, ಇದಕ್ಕೆಲ್ಲಿಂದ ಬರುತ್ತೆ?"

"ಬಾಕ್ಸಲ್ಲಿ ಮೂರು ತೂತಿದೆ, ಕಾಣ್ಸಲ್ವೇನೇ? ಕೆಂಪು ದೀಪ ಬೇರೆ ಉರೀತಿದೆ!"

ಚಂಪಾ ಅತ್ತೆಯ ಕಡೆ ತಿರುಗಿದಳು. "ಮಿಕ್ಸಿ ಹಾಕುವಾಗ ಚಪ್ಪಲಿ ಮೆಟ್ಕೊಳ್ಲಾ, ಅತ್ತೆ?"

ಅತ್ತೆ ಕೆನ್ನೆ ಬಡಿದುಕೊಂಡರು. "ಅನ್ನಪೂರ್ಣೆ ಇರೋ ಅಡುಗೆಮನೇಲಿ ಚಪ್ಪಲೀನಾ? ನಿಮ್ಮಮ್ಮ ಇದನ್ನೇ ಕಲಿಸಿದ್ದಾ? ನಾನು ಈ ಮನೆಗೆ ಬಂದಾಗಿಂದ ಇದೇ ಪ್ಲಗ್ಗು. ಒಂದಿನ ಜುಮ್ಮಂದಿಲ್ಲ. ಮಡಿಯಾಗಿದ್ರೆ ಕರೆಂಟೂ ಹೆದರುತ್ತೆ."

"ಹಾಗಾದ್ರೆ ಇವತ್ತು ಚಟ್ನಿ ನೀವೇ ರುಬ್ಬಿ ಅತ್ತೆ, ನೋಡಿ ಕಲೀತೀನಿ."

"ಅದ್ರಲ್ಲಿ ನೋಡೋದೇನಿದೆ? ಹೋಗು, ಹಿತ್ತಲಿಂದ ಕರಿಬೇವು ಕಿತ್ಕೊಂಡು ಬಾ."

ಚಂಪಾ ಹೋದಷ್ಟೇ ಬೇಗ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಅತ್ತೆ ಅಕ್ಕಿ ಡಬ್ಬದ ಹಿಂದಿನಿಂದ ಹವಾಯಿ ಚಪ್ಪಲಿ ತೆಗೆದು, ಅರಿಶಿನದ ನೀರು ಚಿಮುಕಿಸಿ, ಒಂದೊಂದಾಗಿ ಕಾಲಿಗೆ ಮೆಟ್ಟಿಕೊಳ್ಳುತ್ತಿದ್ದರು.