ಸಾಕಿದವಳು

ಅಜ್ಜಿಯ ರಕ್ತದಿಂದಲೇ ತೆಗೆದು, ಕ್ಯಾನ್ಸರ್ ಜೊತೆ ಕಾದಾಡಲು ಪಳಗಿಸಿದ ಬಿಳಿಕಣಗಳ ಪುಟ್ಟ ಚೀಲವನ್ನು ನರ್ಸ್ ಕೈಗಿತ್ತು, ಲ್ಯಾಬಿನವಳು ಬಾಗಿಲ ಕಡೆ ತಿರುಗಿದಳು. ಕಣ ಬೆಳೆಸುವ ಹೊಸ ಯಂತ್ರ ಆಸ್ಪತ್ರೆಗೇ ಬಂದಮೇಲೆ, ಮೊದಲಿನಂತೆ ಚೀಲ ದೂರದ ಲ್ಯಾಬಿನಿಂದ ವಿಮಾನ ಹತ್ತಿ ಬರುವುದಿಲ್ಲ. ಬೆಳೆಸಿದವಳೇ ಮೆಟ್ಟಿಲಿಳಿದು ತರುತ್ತಾಳೆ. ಇಷ್ಟು ವರ್ಷ ಅವಳಿಗೆ ರೋಗಿಯೆಂದರೆ ಚೀಲದ ಮೇಲಿನ ಒಂದು ಸಂಖ್ಯೆ.

“ಇವನ್ನ ಬೆಳೆಸಿದೋಳು ನೀನೇನಮ್ಮ?” ಹಾಸಿಗೆಯಲ್ಲಿದ್ದ ಅಜ್ಜಿ ಕೇಳಿದಳು.

“ಹೂಂ ಅಜ್ಜಿ. ಮೊದಮೊದಲು ಬೆಳೆಯೋಕೇ ಒಪ್ಪಲಿಲ್ಲ. ಬಹಳ ಹಠ ಮಾಡಿದ್ವು.”

“ನನ್ನವೇ ತಾನೇ, ಹಠ ಇಲ್ದೆ ಇರ್ತವಾ,” ಎಂದು ನಕ್ಕ ಅಜ್ಜಿ ಹಾಸಿಗೆಯ ಅಂಚನ್ನು ತಟ್ಟಿದಳು. “ಸಾಕಿದೋಳು ಹೀಗೆ ಬಾಗಿಲಲ್ಲೇ ಬಿಟ್ಟು ಹೋಗಬಾರದು ಕಣಮ್ಮ. ಅವು ಮನೆ ಸೇರೋತನಕ ಕೂತ್ಕೋ.”

ಅವಳು ಕೈಗವಸು ಬಿಚ್ಚಿ ಕೂತಳು. ಮೊದಲ ಹನಿ ನಳಿಗೆಯಲ್ಲಿ ಇಳಿಯುವಷ್ಟರಲ್ಲಿ ಅವಳ ಬರಿಗೈ ಅಜ್ಜಿಯ ಕೈಯೊಳಗಿತ್ತು.